ಕಪ್ಪು ಕೂದಲಿಗೆ ಹೊಂಬಣ್ಣ: 20, 30, 40 ಮೂರನ್ನೂ ಹಚ್ಚಿ ನೋಡಿದೆ

ನನ್ನ ಬೀರುವಿನ ಕನ್ನಡಿಯ ಮೂಲೆಯಲ್ಲಿ ಐದು ಕೂದಲ ಕುಚ್ಚುಗಳನ್ನು ಟೇಪ್ ಹಾಕಿ ಅಂಟಿಸಿದ್ದೇನೆ. ಐದೂ ನನ್ನ ತಲೆಯವೇ. ಕತ್ತಿನ ಹಿಂದೆ, ಒಳಪದರದಿಂದ ಪೆನ್ಸಿಲ್ ದಪ್ಪಕ್ಕೆ ಕತ್ತರಿಸಿ, ಬುಡಕ್ಕೆ ದಾರ ಸುತ್ತಿದ್ದು. ಒಂದೊಂದರ ಪಕ್ಕದಲ್ಲೂ ಏನು ಹಚ್ಚಿದೆ, ಎಷ್ಟು ಹೊತ್ತು ಬಿಟ್ಟೆ ಅಂತ ಬರೆದಿಟ್ಟಿದ್ದೇನೆ. ನಾಲ್ಕು ಕುಚ್ಚು ಉದ್ದಕ್ಕೆ ಇಳಿಬಿದ್ದಿವೆ. ಒಂದು ಮಾತ್ರ ಅರ್ಧಕ್ಕೇ ನಿಂತಿದೆ. ಅದರ ಪಕ್ಕದಲ್ಲಿರುವ ಚೀಟಿ: 40 ವಾಲ್ಯೂಮ್. ಬ್ಲೀಚ್ ಪೌಡರ್ ಜೊತೆ ಕಲಸುವ ಡೆವಲಪರ್ ಅನ್ನುವ ದ್ರವದ ಬಲವನ್ನು 20, 30, 40 ವಾಲ್ಯೂಮ್ ಅಂತ ಹೇಳುತ್ತಾರೆ.

ನನಗೆ ಹೊಂಬಣ್ಣದ ಕೂದಲು ಬೇಕು ಅನ್ನಿಸಿ ವರ್ಷಗಳೇ ಆಗಿದ್ದವು. "ಇಷ್ಟು ಚೆಂದ ಕಪ್ಪು ಕೂದ್ಲು ಇಟ್ಕೊಂಡು ಯಾಕೇ ಹಾಳು ಮಾಡ್ಕೊತೀಯ" ಅಂತ ಅಮ್ಮ ಹೇಳುತ್ತಲೇ ಇದ್ದರು. ಅವರ ಮಾತಿನ ಅರ್ಧ ಭಾಗ ನನಗೂ ಸರಿ ಅನ್ನಿಸುತ್ತಿತ್ತು. ಬಣ್ಣ ಬದಲಾಗಲಿ, ಆದರೆ ಕೂದಲು ಉಳಿಯಬೇಕು. ಅದಕ್ಕೇ ತಲೆಗೆ ಕೈ ಹಾಕುವ ಮೊದಲು ಕತ್ತರಿಸಿದ ಕುಚ್ಚುಗಳ ಮೇಲೆ ಎಲ್ಲವನ್ನೂ ಹಚ್ಚಿ ನೋಡಿದೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಕೂದಲ ಬಣ್ಣವನ್ನು 1ರಿಂದ 10ರವರೆಗೆ ಎಣಿಸುತ್ತಾರೆ. 1 ಅಂದರೆ ಕಡುಕಪ್ಪು, 10 ಅಂದರೆ ತೀರಾ ತಿಳಿ ಹಳದಿ. ನನ್ನದು 2. ನಮ್ಮಲ್ಲಿ ಹೆಚ್ಚಿನವರದ್ದು ಅಲ್ಲೇ ಆಸುಪಾಸು. ಬ್ಲೀಚ್ ಹಚ್ಚಿದ ಕೂದಲು ಕಪ್ಪಿನಿಂದ ನೇರ ಹೊಂಬಣ್ಣಕ್ಕೆ ಹಾರುವುದಿಲ್ಲ. ಬೆಂಗಳೂರಿಂದ ಮೈಸೂರಿಗೆ ಹೋಗುವ ರೈಲು ರಾಮನಗರ, ಮದ್ದೂರು, ಮಂಡ್ಯ ದಾಟಿಯೇ ಹೋಗಬೇಕಲ್ವಾ, ಹಾಗೆ. ಮೊದಲು ಕೆಂಗಂದು, ಆಮೇಲೆ ಇಟ್ಟಿಗೆ ಬಣ್ಣ, ಆಮೇಲೆ ಕಿತ್ತಳೆ, ಆಮೇಲೆ ಅರಿಶಿನ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣ. ಕಪ್ಪು ಕಂದು ಕೊಡುವ ಯೂಮೆಲನಿನ್ ಮೊದಲು ಒಡೆಯುತ್ತದೆ. ಕೆಂಪು ಹಳದಿ ಕೊಡುವ ಫಿಯೋಮೆಲನಿನ್ ಹಟ ಹಿಡಿದು ಕೂರುತ್ತದೆ. ಅರ್ಧ ದಾರಿಯಲ್ಲಿ ನಿಲ್ಲಿಸಿದವರ ತಲೆ ಕಿತ್ತಳೆಯಾಗಿ ಕಾಣುವುದು ಇದಕ್ಕೇ.

ಮೊದಲ ಕುಚ್ಚಿಗೆ ಹಚ್ಚಿದ್ದು ಅಂಗಡಿಯ ಡಬ್ಬಿ ಬಣ್ಣ, ಮೇಲೆ ಹೊಂಗೂದಲ ಹುಡುಗಿಯ ಚಿತ್ರ ಇರುತ್ತದಲ್ಲ, ಅದು. ಅರ್ಧ ಗಂಟೆ ಬಿಟ್ಟು ತೊಳೆದರೆ ಕಿಟಕಿ ಹತ್ತಿರ ಹಿಡಿದಾಗ ಮಾತ್ರ ಸ್ವಲ್ಪ ಕೆಂಗಂದು ಕಾಣಿಸಿತು. ಅಂಥ ಬಣ್ಣಗಳು ಎರಡು ಮೂರು ಮೆಟ್ಟಿಲು ಏರಿಸಬಲ್ಲವು, ಅಷ್ಟೇ. ಡಬ್ಬಿಯ ಪಕ್ಕದಲ್ಲಿ ಸಣ್ಣದಾಗಿ 'ಮೊದಲು, ನಂತರ' ಅಂತ ಕೂದಲ ಚಿತ್ರ ಇರುತ್ತದೆ. ಅದರಲ್ಲಿ ಕಪ್ಪು ಕೂದಲು ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ನಮಗಲ್ಲ.

ಎರಡನೆಯದಕ್ಕೆ ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿ ಮೇಲೆ 6% ಅಂತಿತ್ತು. 20 ವಾಲ್ಯೂಮ್ ಡೆವಲಪರ್‌ನಲ್ಲಿ ಇರುವುದೂ ಅಷ್ಟೇ. ಹಾಗಾದರೆ ಸುಮ್ನೆ ದುಡ್ಡು ಯಾಕೆ ಜಾಸ್ತಿ ಕೊಡಬೇಕು ಅನ್ನಿಸಬಹುದು. ಆದರೆ ಇದು ನೀರಿನ ಹಾಗೆ ಹರಿದು ಹೋಗುತ್ತದೆ, ಕೂದಲ ಮೇಲೆ ನಿಲ್ಲುವುದಿಲ್ಲ. ಅದರ ಜೊತೆ ಕ್ಷಾರ ಇಲ್ಲದಿದ್ದರೆ ಪೆರಾಕ್ಸೈಡ್ ಸರಿಯಾಗಿ ಕೆಲಸ ಶುರು ಮಾಡುವುದೂ ಇಲ್ಲ. ಬ್ಲೀಚ್ ಪೌಡರ್‌ನಲ್ಲಿ ಕ್ಷಾರವೂ ಇದೆ, ಪರ್‌ಸಲ್ಫೇಟ್ ಲವಣಗಳೂ ಇವೆ. ನಿಜವಾದ ಬಲ ಬರುವುದು ಅಲ್ಲಿಂದ. ಒಂದು ಗಂಟೆ ಆದ ಮೇಲೆ ನನ್ನ ಕುಚ್ಚು ಅಲ್ಲಲ್ಲಿ ಕೆಂಗಂದು, ಅಲ್ಲಲ್ಲಿ ಕಪ್ಪು.

ಉಳಿದ ಮೂರಕ್ಕೂ ಒಂದೇ ಬ್ಲೀಚ್ ಪೌಡರ್, ಒಂದೇ ಅಳತೆ: 30 ಗ್ರಾಂ ಪೌಡರ್‌ಗೆ 60 ಎಂಎಲ್ ಡೆವಲಪರ್. ಬದಲಾಗಿದ್ದು ಡೆವಲಪರ್‌ನ ಬಲ ಮಾತ್ರ. 20 ವಾಲ್ಯೂಮ್ ಅಂದರೆ 6%, 30 ಅಂದರೆ 9%, 40 ಅಂದರೆ 12% ಪೆರಾಕ್ಸೈಡ್. ಒಂದು ಲೀಟರ್ ದ್ರವ ಪೂರ್ತಿ ಒಡೆದರೆ ಎಷ್ಟು ಲೀಟರ್ ಆಮ್ಲಜನಕ ಹೊರಬರುತ್ತದೆ ಅನ್ನುವುದೇ ಈ ವಾಲ್ಯೂಮ್ ಲೆಕ್ಕ.

40 ನೋಡೋಕೆ ಜಾದೂ ಇದ್ದ ಹಾಗಿತ್ತು. ಐದು ನಿಮಿಷಕ್ಕೆ ಕೆಂಗಂದು, ಹತ್ತಕ್ಕೆ ಇಟ್ಟಿಗೆ, ಇಪ್ಪತ್ತೈದಕ್ಕೆ ಹಳದಿ ಕಿತ್ತಳೆ. ಕುಚ್ಚಿಗೆ ಸುತ್ತಿದ್ದ ಫಾಯಿಲ್ ಮುಟ್ಟಿದರೆ ಕೈಗೆ ಬೆಚ್ಚಗೆ ತಾಗುತ್ತಿತ್ತು. ತೊಳೆದಾಗ ಕೂದಲು ಬೆರಳಿಗೆ ಜಾರಲಿಲ್ಲ, ಅಂಟಂಟಾಗಿ ಸಿಕ್ಕಿಕೊಂಡಿತು. ಒದ್ದೆ ಇದ್ದಾಗಲೇ ಒಂದು ಎಳೆ ಹಿಡಿದು ಮೆಲ್ಲಗೆ ಎಳೆದೆ. ಚೆನ್ನಾಗಿರುವ ಕೂದಲು ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತೆ ಆಗುತ್ತದೆ. ಇದು ಬೆಂದ ಶಾವಿಗೆಯ ಹಾಗೆ ಉದ್ದಕ್ಕೆ ಹಿಗ್ಗಿತು, ವಾಪಸ್ಸು ಬರಲಿಲ್ಲ, ತುಂಡಾಯಿತು. ಒಣಗಿದ ಮೇಲೆ ಬಾಚಣಿಗೆ ಆಡಿಸಿದರೆ ಅರ್ಧ ಕುಚ್ಚು ಬಾಚಣಿಗೆಯಲ್ಲೇ ಬಂತು. ಬಣ್ಣ ಒಡೆಯುವ ಪೆರಾಕ್ಸೈಡೇ ಕೂದಲಿನ ಪ್ರೋಟೀನ್ ಆದ ಕೆರಾಟಿನ್‌ ಅನ್ನು ಹಿಡಿದಿಟ್ಟಿರುವ ಗಂಧಕದ ಬಂಧಗಳನ್ನೂ ಒಡೆಯುತ್ತದೆ. ಬಣ್ಣವೊಂದನ್ನೇ ಹುಡುಕಿ ಹೋಗು ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ.

30 ಮಧ್ಯದ ದಾರಿ. ನಲವತ್ತು ನಿಮಿಷಕ್ಕೆ ಚೆನ್ನಾಗಿ ಕಿತ್ತಳೆ ದಾಟಿತು. ಕೂದಲು ಒರಟಾಯಿತು, ಆದರೆ ಮುರಿಯಲಿಲ್ಲ. ಇಷ್ಟಕ್ಕೇ ಇದನ್ನೇ ಆರಿಸಿಕೊಳ್ಳಬಹುದು ಅನ್ನಿಸುತ್ತದೆ. ತೊಂದರೆ ನೆತ್ತಿಯದ್ದು. ಕತ್ತರಿಸಿದ ಕುಚ್ಚಿಗೆ ಚರ್ಮ ಇಲ್ಲ, ಉರಿ ಇಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಒಂದು ಪಾರ್ಲರ್‌ನಲ್ಲಿ 30ನ್ನು ನೇರ ನೆತ್ತಿಗೇ ಹಚ್ಚಿದ್ದರು. ಮಾರನೇ ದಿನ ಬೈತಲೆಯುದ್ದಕ್ಕೂ ಗುಳ್ಳೆ. ಅವಳು ಅತ್ತಿದ್ದು ನನಗೆ ಇನ್ನೂ ನೆನಪಿದೆ. ಬುಡದಿಂದ ಎರಡು ಬೆರಳು ಬಿಟ್ಟು ತುದಿಗಳಿಗೆ ಮಾತ್ರ ಹಚ್ಚುವುದಾದರೆ 30 ಆಗಬಹುದು. ಪೂರ್ತಿ ತಲೆಗೆ ನಾನು ಮುಟ್ಟುವುದಿಲ್ಲ.

20ರ ಕುಚ್ಚು ಮೊದಲ ದಿನ ನಿರಾಸೆ ಮಾಡಿತು. ನಲವತ್ತೈದು ನಿಮಿಷ ಕಾದರೂ ಬರೀ ಇಟ್ಟಿಗೆ ಕಿತ್ತಳೆ. ಆದರೆ ಒದ್ದೆ ಎಳೆ ಎಳೆದರೆ ಹಿಗ್ಗಿ ವಾಪಸ್ಸು ಬಂತು. ಎರಡು ವಾರ ಬಿಟ್ಟು ಅದೇ ಕುಚ್ಚಿಗೆ ಮತ್ತೆ 20 ಹಚ್ಚಿದೆ. ಈ ಸಲ ಅರಿಶಿನ ದಾಟಿ ತಿಳಿ ಹಳದಿಗೆ ಬಂತು. 40 ಒಂದೇ ಸಲಕ್ಕೆ ಮುಟ್ಟಿದ್ದಕ್ಕಿಂತ ತಿಳಿ. ಕೂದಲೂ ಮುರಿಯದೆ ಉಳಿದಿತ್ತು! ಆ ದಿನ ಕುಚ್ಚನ್ನು ಅಮ್ಮನಿಗೆ ತೋರಿಸಿದೆ. ಅವರೇ ಎಳೆದು ನೋಡಿದರು. "ಹೂಂ, ಗಟ್ಟಿ ಇದೆ" ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ತಲೆಗೆ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಿದೆ. ಪರ್‌ಸಲ್ಫೇಟ್ ಕೆಲವರಿಗೆ ಒಗ್ಗುವುದಿಲ್ಲ, ಉಸಿರಾಟದ ತೊಂದರೆಯನ್ನೂ ತರುತ್ತದೆ. ಅಸ್ತಮಾ ಇರುವವರು ಇದರ ಹತ್ತಿರ ಹೋಗದಿರುವುದೇ ಒಳ್ಳೆಯದು. ಪೌಡರ್ ಕಲಸುವಾಗ ಕಿಟಕಿ ತೆರೆದಿಡಿ, ಗ್ಲೌಸ್ ಹಾಕಿ. ಸ್ಟೀಲ್ ಬಟ್ಟಲು ಬೇಡ, ಪ್ಲಾಸ್ಟಿಕ್ ಬಟ್ಟಲು ತಗೊಳ್ಳಿ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದ್ದೆ. ಕೊಬ್ಬರಿ ಎಣ್ಣೆ ಕೂದಲ ಒಳಗೆ ಇಳಿದು ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ ಅಂತ 2003ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಎಣ್ಣೆಗೂ ಆ ಗುಣ ಕಾಣಿಸಲಿಲ್ಲ.

ಅಕ್ಕ ಹಿಂದುಗಡೆ ಹಚ್ಚಿಕೊಟ್ಟಳು. ಮೊದಲು ಮಧ್ಯ ಮತ್ತು ತುದಿ, ಬುಡ ಕೊನೆಗೆ. ನೆತ್ತಿಯ ಬಿಸಿಗೆ ಬುಡ ಬೇಗ ಏರುತ್ತದೆ. ಬುಡದಿಂದ ಶುರು ಮಾಡಿದರೆ ನೆತ್ತಿ ಹಳದಿ, ಕೆಳಗೆ ಕಿತ್ತಳೆ. ಈ ಒಂದು ಸಂಗತಿಯನ್ನು ಕತ್ತರಿಸಿದ ಕುಚ್ಚು ಹೇಳಿಕೊಡುವುದಿಲ್ಲ, ತಲೆಯೇ ಹೇಳಬೇಕು. ಹತ್ತು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಒರೆಸಿ ನೋಡುತ್ತಿದ್ದೆವು. ಎರಡು ವಾರ ಕಿತ್ತಳೆ ತಲೆಯಲ್ಲೇ ಆಫೀಸಿಗೆ ಹೋದೆ. ಅಷ್ಟು ತಡೆದುಕೊಳ್ಳಬೇಕು. ಆಮೇಲೆ ಎರಡನೇ ಸುತ್ತು.

ಹಳದಿ ತೆಗೆಯಲು ಟೋನರ್ (ಬ್ಲೀಚ್ ಆದ ಕೂದಲ ಛಾಯೆ ಸರಿಪಡಿಸುವ ತಿಳಿ ಬಣ್ಣ) ಮತ್ತು ನೇರಳೆ ಶಾಂಪೂ ಎರಡನ್ನೂ ಬಳಸಿದೆ. ನೇರಳೆ ಬಣ್ಣ ಹಳದಿಯನ್ನು ಅಳಿಸುತ್ತದೆ, ನೀಲಿ ಕಿತ್ತಳೆಯನ್ನು. ನನ್ನ ಕೂದಲು ಇನ್ನೂ ಕಿತ್ತಳೆ ಇದ್ದಾಗ ನೇರಳೆ ಶಾಂಪೂ ಹಾಕಿ ಏನೂ ಉಪಯೋಗವಾಗಲಿಲ್ಲ. ತಿಳಿ ಹಳದಿ ಮುಟ್ಟಿದ ಮೇಲೆ ಟೋನರ್ ಇಪ್ಪತ್ತು ನಿಮಿಷದಲ್ಲಿ ಜೇನಿನಂಥ ಬಣ್ಣ ಕೊಟ್ಟಿತು. ಶಾಂಪೂ ಅದನ್ನು ಕಾಪಾಡಿಕೊಳ್ಳಲು ಮಾತ್ರ, ವಾರಕ್ಕೊಮ್ಮೆ.

ಗೋರಂಟಿ ಹಚ್ಚುವವರಿಗೆ ಒಂದು ಮಾತು. ಅದರ ಕೆಂಪು ಬಣ್ಣ ಬ್ಲೀಚ್‌ಗೂ ಸುಲಭವಾಗಿ ಬಿಡುವುದಿಲ್ಲ. ಅದಕ್ಕಿಂತ ಅಪಾಯ ಲೋಹದ ಲವಣ ಬೆರೆಸಿದ ಪುಡಿಗಳದ್ದು. ಅಂಥ ಕೂದಲಿಗೆ ಬ್ಲೀಚ್ ತಾಗಿದರೆ ಕಾವು ಏರಿ ಕೂದಲೇ ಸುಟ್ಟುಹೋಗಬಹುದು. ಹಿಂದೆ ಏನೇನು ಹಚ್ಚಿದ್ದೀರೋ ನೆನಪಿಲ್ಲದಿದ್ದರೆ ಒಂದು ಕುಚ್ಚು ಕತ್ತರಿಸಿ ಪರೀಕ್ಷೆ ಮಾಡಲೇಬೇಕು. ಬೋರ್‌ವೆಲ್ ನೀರೂ ಅಷ್ಟೇ. ಅದರ ಖನಿಜ ಕೂದಲಲ್ಲಿ ಕೂತು ಬಣ್ಣವನ್ನು ಮಂಕು ಮಾಡುತ್ತದೆ. ನಮ್ಮ ಮನೆಗೆ ಕಾವೇರಿ ನೀರು ಬರುವ ದಿನ ನೋಡಿಕೊಂಡು ಎರಡು ಬಕೆಟ್ ಹಿಡಿದಿಟ್ಟು, ತಲೆಗೆ ಅದನ್ನೇ ಹಾಕುತ್ತೇನೆ.

ಈಗ ಬುಡದಲ್ಲಿ ಒಂದೂವರೆ ಸೆಂಟಿಮೀಟರ್ ಕಪ್ಪು ಬಂದಿದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ ಬೆಳೆಯುತ್ತದೆ. ಬರುವ ಭಾನುವಾರ ಅಕ್ಕ ಬರುತ್ತಾಳೆ. 20 ಕಲಸಿ ಆ ಒಂದೂವರೆ ಸೆಂಟಿಮೀಟರ್‌ಗೆ ಮಾತ್ರ ಹಚ್ಚಬೇಕು. ಹಳೆಯ ಹಳದಿ ಭಾಗಕ್ಕೆ ತಾಗದಂತೆ ಅಲ್ಲಿಗೆ ಕಂಡೀಷನರ್ ಬಳಿದಿಡುತ್ತೇವೆ.