ಎರೆ ಮಣ್ಣಿನಲ್ಲಿ ಮೂರು ಹೂಗಡ್ಡೆ

ಕಲಬುರಗಿಯ ಬಿಸಿಲಿಗೆ ಹೂಗಡ್ಡೆ ಬದುಕುತ್ತಾ ಅಂತ ಕೇಳುವವರೇ ಜಾಸ್ತಿ. ಮೂರು ವರ್ಷ ಫುಟ್‌ಬಾಲ್ ಲಿಲಿ, ಸುಗಂಧರಾಜ, ರೈನ್ ಲಿಲಿ ಮೂರನ್ನೂ ನಮ್ಮ ಅಂಗಳದಲ್ಲಿ ಬೆಳೆಸಿದೆ. ಬಿಸಿಲಿಗೆ ಒಂದು ಗಡ್ಡೆಯೂ ಸಾಯಲಿಲ್ಲ. ಸತ್ತವೆಲ್ಲ ಮಳೆಗಾಲದಲ್ಲೇ, ನೀರು ನಿಂತು.

ಮೊದಲು ಹೋದದ್ದು ಫುಟ್‌ಬಾಲ್ ಲಿಲಿ. ಮೇ ತಿಂಗಳಲ್ಲಿ ಚೆಂಡಿನಂಥ ಕೆಂಪು ಹೂ ಬಿಟ್ಟಾಗ ಮನೆಮಂದಿಯೆಲ್ಲ ಖುಷಿಪಟ್ಟಿದ್ದೆವು. ಶ್ರಾವಣದ ಜಡಿಮಳೆಗೆ ಎಲೆ ಹಳದಿಯಾಯಿತು. ಅಗೆದು ನೋಡಿದರೆ ಐದರಲ್ಲಿ ನಾಲ್ಕು ಗಡ್ಡೆ ಕೊಳೆತಿದ್ದವು. ನಮ್ಮ ಕಪ್ಪು ಎರೆ ಮಣ್ಣು ಒದ್ದೆಯಾದರೆ ಉಬ್ಬಿಕೊಳ್ಳುತ್ತದೆ, ಗಡ್ಡೆಗೆ ಗಾಳಿಯಾಡುವುದಿಲ್ಲ.

ಉಳಿದ ಒಂದಕ್ಕೆ ಬೀದರದ ಅಕ್ಕನ ಮನೆಯಿಂದ ಕೆಂಪು ಮಣ್ಣು ತಂದೆ. ಅಲ್ಲಿಯದು ಜಂಬಿಟ್ಟಿಗೆ ನೆಲ, ಬಿದ್ದ ನೀರು ಕೆಳಗಿಳಿಯುತ್ತದೆ. ಬೀದರ ಪಕ್ಕದ ನೌಬಾದಿನ ಹಳೆಯ ಸುರಂಗ ಬಾವಿಗೆ (ನೆಲದಡಿಯ ನೀರಿನ ಕಾಲುವೆ) ನೀರು ಬಸಿದು ಬಂದದ್ದೂ ಇದೇ ನೆಲದಿಂದ. ಆ ಮಣ್ಣಿಗೆ ಮರಳು, ಗೊಬ್ಬರ ಕಲಸಿ ಕುಂಡದಲ್ಲಿಟ್ಟೆ. ಗಡ್ಡೆಯ ಕುತ್ತಿಗೆ ಮೇಲೆ ಕಾಣುವಂತೆ ಬಿಟ್ಟೆ. ಚಳಿಗಾಲದಲ್ಲಿ ಎಲೆ ಒಣಗಿದ ಮೇಲೆ ನೀರು ಪೂರ್ತಿ ಬಂದ್. ಬೇವಿನ ನೆರಳಲ್ಲಿ ಈಗ ಚೆನ್ನಾಗಿದೆ. ಆದರೆ ಗಡ್ಡೆಗೆ ವರ್ಷಕ್ಕೆ ಒಂದೇ ಚೆಂಡು, ಅದೂ ವಾರ, ಹತ್ತು ದಿನ.

ಸುಗಂಧರಾಜದ ಪರಿಮಳಕ್ಕೆ ಸಾಟಿಯಿಲ್ಲ. ನೆಟ್ಟ ಮೂರು ತಿಂಗಳಿಗೆ ದಂಟು ಬಂತು. ಮರುಬೇಸಿಗೆಯಲ್ಲಿ ನಳದ ನೀರು ಸರಿಯಾಗಿ ಬರಲಿಲ್ಲ. ಗಡ್ಡೆ ಉಳಿಯಿತು, ಹೂ ಮಾತ್ರ ಇಲ್ಲ. ನೀರಿಗೆ ತೊಂದರೆ ಇರುವ ಮನೆಗೆ ಇದನ್ನು ನಾನು ಹೇಳುವುದಿಲ್ಲ.

ನನ್ನ ಆಯ್ಕೆ ರೈನ್ ಲಿಲಿ, ಅದರಲ್ಲೂ ಗುಲಾಬಿ ಬಣ್ಣದ್ದು. ಅದೇ ಎರೆ ಮಣ್ಣು, ಅದೇ ಮಳೆ. ನಾನು ಮಾಡಿದ್ದಿಷ್ಟೇ: ಒಂದು ಗೇಣು ಎತ್ತರದ ಏರಿ ಕಟ್ಟಿ, ಗರಸು (ಸಣ್ಣ ಕಲ್ಲಿನ ಮಣ್ಣು) ಬೆರೆಸಿ, ಗಡ್ಡೆಯನ್ನು ಎರಡು ಬೆರಳು ಆಳಕ್ಕೆ ಇಟ್ಟೆ. ಏಪ್ರಿಲ್–ಮೇನಲ್ಲಿ ಎಲೆ ಸೊರಗಿ, ನೆಲ ಬಿರುಕು ಬಿಟ್ಟಿತು. ಹೋಯಿತು ಅಂದುಕೊಂಡೆ. ಜೂನಿನ ಮಿರಗದ (ಮೃಗಶಿರ) ಮಳೆ ಸುರಿದು ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಏರಿಯ ತುಂಬ ಹೂ! ಒಂದು ಹೂ ಒಂದೆರಡು ದಿನ ಮಾತ್ರ ಇರುತ್ತದೆ, ನಿಜ. ಆದರೆ ನಡುವೆ ಒಣಹವೆ ಬಿದ್ದು ಮತ್ತೆ ಮಳೆಯಾದಾಗೆಲ್ಲ ಹೊಸದು ಬರುತ್ತದೆ. ಸುಮ್ನೆ ಪೈಪಿನಲ್ಲಿ ನೀರು ಬಿಟ್ಟು ನೋಡಿದೆ, ಅಷ್ಟು ಹೂ ಬರಲಿಲ್ಲ.

ಹತ್ತು ಗಡ್ಡೆ ಇಟ್ಟಿದ್ದೆ, ಈಗ ಒಂದು ಬುಟ್ಟಿ ಆಗಿವೆ. ಓಣಿಯವರಿಗೆ ಹಂಚುವಾಗ ಒಂದು ಮಾತು ತಪ್ಪದೆ ಹೇಳುತ್ತೇನೆ: ಇವು ನೋಡಲು ಸಣ್ಣ ಉಳ್ಳಾಗಡ್ಡಿಯಂತೆಯೇ ಇರುತ್ತವೆ, ತಿಂದರೆ ವಿಷ. ಅಡುಗೆಮನೆಯಲ್ಲಿ ಇಡಬೇಡಿ, ಮಕ್ಕಳ ಕೈಗೂ ಸಿಗದಂತೆ ನೋಡಿಕೊಳ್ಳಿ.