ಹಕ್ಕಿ ಓಡಿಸುವ ಅಲ್ಟ್ರಾಸೋನಿಕ್ ಯಂತ್ರ ಕೊಳ್ಳುವ ಮುನ್ನ

ಅಲ್ಟ್ರಾಸೋನಿಕ್ ಧ್ವನಿಯಿಂದ ಹಕ್ಕಿಗಳನ್ನು ಓಡಿಸುತ್ತದೆಂದು ಹೇಳಿ ಮಾರುವ ಯಂತ್ರವನ್ನು ಹೊಲಕ್ಕೆ ತರಬೇಕೆಂದಿರುವ ರೈತರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಸೂರ್ಯಕಾಂತಿಗೆ ಗಿಳಿಗಳ ಕಾಟ ತಪ್ಪಲೆಂದು ಅಂಥದೊಂದನ್ನು ಹೊಲದ ನಡುವೆ ಕಂಬ ನೆಟ್ಟು ಕೂರಿಸಿದ್ದೆವು. ಮನುಷ್ಯರಿಗೆ ಏನೂ ಕೇಳಿಸುವುದಿಲ್ಲ, ಹಕ್ಕಿಗಳು ಮಾತ್ರ ತಾಳಲಾರದೆ ಹಾರಿಹೋಗುತ್ತವೆ ಎಂದು ಮಾರಿದವರು ಭರವಸೆ ಕೊಟ್ಟಿದ್ದರು. ಕಾಳು ಕಟ್ಟತೊಡಗಿದಾಗ ಗಿಳಿಗಳು ಎಂದಿನಂತೆ ಹಿಂಡಾಗಿ ಬಂದವು. ತೆನೆಯಿಂದ ಕಾಳು ಕಿತ್ತು ತಂದು ಆ ಯಂತ್ರದ ಮೇಲೆಯೇ ಕುಳಿತು ಸುಲಿಯುತ್ತಿದ್ದುದರಿಂದ ಅದರ ಸೌರಫಲಕದ ತುಂಬ ಸಿಪ್ಪೆ ಹರಡಿರುತ್ತಿತ್ತು. ಕಂಬದ ಹತ್ತಿರ ಸುಳಿಯಲು ಹಿಂಜರಿದದ್ದು ಹೊಲ ಕಾಯುವ ನಾಯಿಯೊಂದೇ.

ಕಾರಣ ಸರಳವಾಗಿದೆ. ಹಕ್ಕಿಗಳ ಕಿವಿ ಸಾಮಾನ್ಯವಾಗಿ 1,000ದಿಂದ 4,000 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ; ಹೆಚ್ಚಿದಷ್ಟೂ ಸದ್ದು ಕೀರಲು) ನಡುವಿನ ಸದ್ದಿಗೆ ಹೆಚ್ಚು ಚುರುಕು. 10,000 ಹರ್ಟ್ಸ್ ದಾಟಿದ ಮೇಲೆ ಬಹುಪಾಲು ಹಕ್ಕಿಗಳಿಗೆ ಹೆಚ್ಚೇನೂ ಕೇಳಿಸುವುದಿಲ್ಲ. ಎಳೆಯ ವಯಸ್ಸಿನ ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ, ಅಲ್ಟ್ರಾಸೋನಿಕ್ ಎನ್ನುವುದು ಅದಕ್ಕೂ ಮೇಲಿನ ಧ್ವನಿ. ಅದು ನಾಯಿ, ಇಲಿ, ಬಾವಲಿಗಳಿಗೆ ಕೇಳಿಸೀತೇ ಹೊರತು ಗಿಳಿಗೆ ಕೇಳಿಸದು. ಸಾಲದ್ದಕ್ಕೆ ಇಂಥ ಧ್ವನಿ ಗಾಳಿಯಲ್ಲಿ ಬೇಗ ಕ್ಷೀಣಿಸುತ್ತದೆ, ಎಲೆ ಅಡ್ಡ ಬಂದರೂ ತಡೆದುಹೋಗುತ್ತದೆ; ಆದ್ದರಿಂದ ಒಂದೇ ಯಂತ್ರ ಇಡೀ ಹೊಲವನ್ನು ಕಾಯುತ್ತದೆಂಬ ಮಾತಿಗೂ ಆಧಾರವಿಲ್ಲ.

ಯಂತ್ರದ ಹಣಕ್ಕಿಂತ ಹೆಚ್ಚಿನ ನಷ್ಟವಾದದ್ದು ಸಮಯದ್ದು. ಕೇಳಿದಾಗಲೆಲ್ಲ ಮಾರಿದವರು, ಹಕ್ಕಿಗಳು ಜಾಗ ಬಿಡಲು ಸ್ವಲ್ಪ ಕಾಲ ಬೇಕು ಎನ್ನುತ್ತಿದ್ದರು, ಆಮೇಲೆ ಇನ್ನೊಂದು ಯಂತ್ರ ಸೇರಿಸಿ ಎಂದರು. ಹೂ ಬಿಡುವ ಮೊದಲೇ ಅಳವಡಿಸಬೇಕೆಂಬುದು ಅವರದೇ ಸೂಚನೆಯಾದ್ದರಿಂದ, ಗಿಳಿ ಬರುವಷ್ಟರಲ್ಲಿ ಹಿಂದಿರುಗಿಸುವ ಗಡುವೂ ಮುಗಿದಿತ್ತು. ಅಷ್ಟರೊಳಗೆ ಹೊಲದ ಅಂಚಿನ ತೆನೆಗಳು ಬರಿದಾಗಿದ್ದವು. ಹಿಂಡು ಒಮ್ಮೆ ಒಂದು ಹೊಲಕ್ಕೆ ರೂಢಿಯಾದರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ಹಕ್ಕಿಗಳ ಅಪಾಯದ ಕೂಗನ್ನು ಕೇಳಿಸುವ ಯಂತ್ರಗಳು ಬೇರೆ ಬಗೆಯವು. ಅವು ಕೆಲವು ಕಾಲ ಕೆಲಸ ಮಾಡುತ್ತವೆ, ಆದರೆ ಸ್ಥಳವನ್ನೂ ಸಮಯವನ್ನೂ ಬದಲಿಸುತ್ತಿರದಿದ್ದರೆ ಹಕ್ಕಿಗಳು ಅದಕ್ಕೂ ಒಗ್ಗಿಕೊಳ್ಳುತ್ತವೆ. ಹಿಂಡು ಮೇಯಲು ಬರುವ ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಆಳು ನಿಂತು ಕಾಯುವುದು, ಮೊದಲ ಗಿಳಿ ಕಂಡಾಗಲೇ ಹೊಳೆಯುವ ಪಟ್ಟಿ ಕಟ್ಟುವುದು, ಸುತ್ತಲಿನವರೊಂದಿಗೆ ಒಂದೇ ಸಮಯಕ್ಕೆ ಬಿತ್ತುವುದು ಹೆಚ್ಚು ನೆಚ್ಚಬಹುದಾದ ದಾರಿಗಳು. ಯಾವುದೇ ಧ್ವನಿಯಂತ್ರವನ್ನು ಕೊಳ್ಳುವ ಮುನ್ನ ಅದು ಎಷ್ಟು ಹರ್ಟ್ಸ್‌ನಲ್ಲಿ ಸದ್ದು ಮಾಡುತ್ತದೆಂದು ಬರಹದಲ್ಲಿ ಕೇಳಿ ಪಡೆಯಿರಿ. 20,000ಕ್ಕಿಂತ ಮೇಲಿದ್ದರೆ ಕೊಳ್ಳಬೇಡಿ.