ಮೀನಿನ ಜೊತೆ ಬಂದ ನೀರನ್ನೂ ಗಮನಿಸುವ ಅಂಗಡಿ

ಮೈಸೂರಿನ ಕುವೆಂಪುನಗರದ ಒಳರಸ್ತೆಯಲ್ಲಿರುವ ಈ ಅಕ್ವೇರಿಯಂ ಅಂಗಡಿಯಲ್ಲಿ ಹೊರನೋಟಕ್ಕೆ ವಿಶೇಷವೇನೂ ಇಲ್ಲ. ಗಪ್ಪಿ, ಮೋಲಿ, ಗೋಲ್ಡ್ ಫಿಶ್, ಏಂಜಲ್ ಮೀನುಗಳ ತೊಟ್ಟಿಗಳು ಗೋಡೆಯುದ್ದಕ್ಕೂ ಸಾಲಾಗಿವೆ, ಬೆಲೆಯೂ ಊರಿನ ಇತರ ಅಂಗಡಿಗಳಿಗಿಂತ ತುಸು ಹೆಚ್ಚೇ ಇದೆ. ಆದರೂ ಹೊಸದಾಗಿ ಮೀನು ಸಾಕಬೇಕೆನ್ನುವವರಿಗೆ ನಾನು ಹೇಳುವುದು ಈ ಅಂಗಡಿಯನ್ನೇ. ಹೊರ ಊರಿನಿಂದ ಮೀನಿನ ಜೊತೆ ಬರುವ ನೀರಿನ ಬಗ್ಗೆ ಇಲ್ಲಿ ವಹಿಸುವ ಎಚ್ಚರಿಕೆಯೇ ಅದಕ್ಕೆ ಕಾರಣ.

ಮೀನುಗಳು ಚೆನ್ನೈನ ಕೊಳತ್ತೂರಿನಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತವೆ. ಚೀಲವನ್ನು ಮೊದಲು ತೊಟ್ಟಿಯ ನೀರಿನಲ್ಲಿ ತೇಲಬಿಟ್ಟು, ಒಳಗಿನ ನೀರಿನ ತಾಪ ಹೊಂದಿಕೊಂಡ ಮೇಲೆ, ಮಾಲೀಕರು ಮೀನನ್ನು ಮಾತ್ರ ಬಲೆಯಿಂದ ಎತ್ತಿ ತೊಟ್ಟಿಗೆ ಬಿಡುತ್ತಾರೆ. ಉಳಿದ ನೀರು ಹಿಂಭಾಗದ ಮುಚ್ಚಳವಿರುವ ನೀಲಿ ಡ್ರಮ್ಮಿಗೆ ಹೋಗುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆಸಿ, ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನವಷ್ಟೇ ಚೆಲ್ಲುತ್ತಾರೆ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅವರು, “ನಮ್ಮ ಮೋರಿ ನೀರು ಕೊನೆಗೆ ಕೆರೆಗೇ ತಾನೇ ಸರ್ ಹೋಗೋದು?” ಎಂದರು. ನೀರಿನ ಗಿಡಗಳನ್ನು ಒಂದೊಂದಾಗಿ ತಿರುಗಿಸಿ, ಎಲೆಯ ಅಡಿಗೆ ಲೋಳೆಯಂತೆ ಅಂಟಿರುವ ಬಸವನಹುಳುವಿನ ಮೊಟ್ಟೆಗಳನ್ನು ಉಗುರಿನಿಂದ ಕೆರೆದು, ಆಮೇಲೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ತಿಳಿ ನೇರಳೆ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಪ್ರತಿ ತೊಟ್ಟಿಗೂ ಪ್ರತ್ಯೇಕ ಬಲೆಯಿದೆ. ಹೊಸ ಮೀನುಗಳು ಎರಡು ವಾರ ಹಿಂದಿನ ಕೋಣೆಯಲ್ಲೇ ಇರುತ್ತವೆ. ಆತುರಪಡುವ ಗಿರಾಕಿಗಳಿಗೂ ಅಷ್ಟರೊಳಗೆ ಅವನ್ನು ಮಾರುವುದಿಲ್ಲ.

ಸಮುದ್ರವೇ ಇಲ್ಲದ ಮೈಸೂರಿನಲ್ಲಿ ಇಷ್ಟು ಜಾಗ್ರತೆ ಅತಿಯೆನಿಸಬಹುದು. ಆದರೆ ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಹಡಗುಗಳು ಮಾಡಲೇಬೇಕೆಂದು ಇಂದು ಅಂತರರಾಷ್ಟ್ರೀಯ ಒಪ್ಪಂದವೇ ಇದೆ. ಸರಕಿಳಿಸಿದ ಹಡಗು ಸಮತೋಲನಕ್ಕಾಗಿ ಒಂದು ಬಂದರಿನಲ್ಲಿ ತುಂಬಿಕೊಂಡ ಬ್ಯಾಲಾಸ್ಟ್ ನೀರನ್ನು, ಸರಕು ಹೇರುವ ಇನ್ನೊಂದು ಬಂದರಿನಲ್ಲಿ ಹೊರಹಾಕುತ್ತದೆ, ಅದರೊಡನೆ ಕಣ್ಣಿಗೆ ಕಾಣದ ಮರಿಗಳೂ ಊರು ಬದಲಿಸುತ್ತವೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಹೀಗೆಯೇ ತಲುಪಿತೆಂದು ತಜ್ಞರು ಹೇಳುತ್ತಾರೆ. 1988ರಲ್ಲಿ ಅಲ್ಲಿ ಮೊದಲು ಪತ್ತೆಯಾದ ಅದು ನೀರು ಸರಬರಾಜಿನ ಮತ್ತು ವಿದ್ಯುತ್ ಸ್ಥಾವರಗಳ ಕೊಳವೆಗಳೊಳಗೆ ದಪ್ಪಗೆ ಅಂಟಿಕೊಂಡು ಹರಿವನ್ನೇ ಕಟ್ಟಿಹಾಕಿತು. 2004ರಲ್ಲಿ ಅಂಗೀಕಾರವಾಗಿ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ಒಪ್ಪಂದದ ಪ್ರಕಾರ, ಸೋಸುವಿಕೆ, ನೇರಳಾತೀತ ಬೆಳಕು, ಕ್ಲೋರಿನ್ ಮೊದಲಾದ ವಿಧಾನಗಳಿಂದ ಶುದ್ಧೀಕರಿಸಿ ಹೊರಬಿಡುವ ಪ್ರತಿ ಸಾವಿರ ಲೀಟರ್ ನೀರಿನಲ್ಲಿ 50 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದಾದ, ಬದುಕಬಲ್ಲ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು.

ಹಡಗಿಗೆ ಕಟ್ಟುನಿಟ್ಟು ಮಾಡಿ ಅಕ್ವೇರಿಯಂ ವ್ಯಾಪಾರವನ್ನು ಬಿಟ್ಟರೆ ಪ್ರಯೋಜನವಿಲ್ಲ ಎನ್ನುವುದಕ್ಕೆ ಅದೇ ಜೀಬ್ರಾ ಮಸಲ್ ಸಾಕ್ಷಿ. 2021ರ ಮಾರ್ಚ್‌ನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದ, ತೊಟ್ಟಿಯ ಅಲಂಕಾರಕ್ಕೆ ಬಳಸುವ ಪಾಚಿ ಉಂಡೆಗಳೊಳಗೆ ಅದು ಜೀವಂತವಾಗಿ ಸಿಕ್ಕಿತು. ಬಂದರಿನಲ್ಲಿ ತಡೆಯಲು ಅಷ್ಟು ಹಣ ಸುರಿದ ಜೀವಿ ಅಂಚೆ ಪೊಟ್ಟಣದಲ್ಲೂ ಮನೆಮನೆಗೆ ಹೋಗಬಲ್ಲದು. ಈ ಅಂಗಡಿಯಲ್ಲೂ ಪಾಚಿ ಉಂಡೆಗಳಿವೆ, ಆದರೆ ಮಾರುವ ಮೊದಲು ಮಾಲೀಕರು ಒಂದೊಂದನ್ನೂ ಹಿಂಡಿ, ಬಿಡಿಸಿ ನೋಡುತ್ತಾರೆ.

ಅಂಗಡಿಯ ಬಗ್ಗೆ ನನ್ನ ಗಂಭೀರ ಆಕ್ಷೇಪ ಒಂದಿದೆ. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನನ್ನು, ತೊಟ್ಟಿಯ ಪಾಚಿ ತಿಂದು ಶುಚಿ ಮಾಡುತ್ತದೆಂದು ಹೇಳಿ, ಇಲ್ಲಿಯೂ ಮಾರುತ್ತಾರೆ. ಬೆರಳುದ್ದ ತಂದ ಆ ಮರಿ ಒಂದಡಿಗೂ ಮೀರಿ ಬೆಳೆಯುತ್ತದೆ, ಮನೆಯ ತೊಟ್ಟಿಯಲ್ಲಿ ಹಿಡಿಸದಾದಾಗ ಜನ ಅದನ್ನು ಕೊಂದ ಪಾಪ ಬೇಡವೆಂದು ಕೆರೆಗೆ ಬಿಟ್ಟುಬರುತ್ತಾರೆ. ಮೈಮೇಲೆ ಗಟ್ಟಿ ಫಲಕಗಳಿರುವ, ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಈ ಮೀನು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ನೆಲೆಯೂರಿದೆ, ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿಯಂಥ ಕೆರೆಗಳಿರುವ ಊರಿನಲ್ಲಿ ಇಷ್ಟು ತಿಳಿವಳಿಕೆಯುಳ್ಳ ಅಂಗಡಿ ಇದನ್ನು ಮಾರುವುದು ಸರಿಯಲ್ಲ ಎಂದು ಮಾಲೀಕರಿಗೆ ನೇರವಾಗಿಯೇ ಹೇಳಿದೆ. ಕೇಳುವ ಗಿರಾಕಿಗಳು ಹೆಚ್ಚು ಎಂದಷ್ಟೇ ಅವರು ಉತ್ತರಿಸಿದರು. ಅಮೆರಿಕ ಮೂಲದ ಕೆಂಪು ಕಿವಿಯ ಆಮೆಮರಿಗಳನ್ನು ಮಾತ್ರ, ಎಷ್ಟೇ ಬೇಡಿಕೆಯಿದ್ದರೂ, ಅವರು ತರಿಸುವುದಿಲ್ಲ.

ಮಾರಿದ ಮೀನು ದೊಡ್ಡದಾದರೆ ಅವರೇ ವಾಪಸು ತೆಗೆದುಕೊಳ್ಳುತ್ತಾರೆ, ಹಣ ಕೊಡುವುದಿಲ್ಲ. ಬೇರೆ ಅಂಗಡಿಯಲ್ಲಿ ಕೊಂಡ ಸಕ್ಕರ್ ಮೀನನ್ನೂ ಬೇಡವೆನ್ನುವುದಿಲ್ಲ. ಭಾನುವಾರ ಗಿರಾಕಿಗಳ ನೂಕುನುಗ್ಗಲಿರುವುದರಿಂದ ವಾರದ ದಿನಗಳಲ್ಲಿ ಬೆಳಿಗ್ಗೆ ಹೋಗುವುದು ಒಳ್ಳೆಯದು; ಮೀನನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ಒಯ್ದು, ಆ ನೀರನ್ನು ಅವರ ನೀಲಿ ಡ್ರಮ್ಮಿಗೇ ಸುರಿದು ಬನ್ನಿ.